ಮೂಲೆಯ ಕುರ್ಚಿ

ಆ ಹೈಸ್ಕೂಲಿನ ಮಕ್ಕಳು ಅವರಿಗೆ ಇಟ್ಟ ಹೆಸರು 'ಮುಂದೇನು ಮೇಡಂ'. ಇಟ್ಟದ್ದರಲ್ಲಿ ತಪ್ಪೇನೂ ಇರಲಿಲ್ಲ. ವರಾಂಡದಲ್ಲಿ ಎದುರಾದ ಯಾವ ಮಗುವನ್ನೂ ಅವರು 'ಮುಂದೇನು?' ಎಂದು ಕೇಳದೆ ಬಿಟ್ಟವರಲ್ಲ. ನೀರು ಕುಡಿಯಲು ಹೊರಟವನನ್ನೂ ಕೇಳುತ್ತಿದ್ದರು. ಅವನು 'ನೀರು ಕುಡೀತೀನಿ ಮೇಡಂ' ಅಂದರೆ, 'ಅದಾದ ಮೇಲೆ?' ಎನ್ನುತ್ತಿದ್ದರು. ಮಕ್ಕಳು ಅವರನ್ನು ಕಂಡೊಡನೆ ಪಕ್ಕಕ್ಕೆ ಸರಿಯುತ್ತಿದ್ದುದು ಭಯದಿಂದಲ್ಲ, ಉತ್ತರ ಗೊತ್ತಿಲ್ಲದ್ದರಿಂದ. ಅವರು ಕಲಿಸುತ್ತಿದ್ದ ವೃತ್ತಿ ಮಾರ್ಗದರ್ಶನವೆಂದರೆ ವೇಳಾಪಟ್ಟಿಯಲ್ಲಿ ವಾರಕ್ಕೊಮ್ಮೆ ತಲೆಹಾಕುವ ಪಾಠ. ಪರೀಕ್ಷೆಯಿಲ್ಲ, ಅಂಕವಿಲ್ಲ. ಗಣಿತದ ಮೇಷ್ಟ್ರ ಪಾಠ ಹಿಂದೆ ಬಿದ್ದಾಗಲೆಲ್ಲ ಮೊದಲು ಕತ್ತರಿ ಬೀಳುತ್ತಿದ್ದುದು ಅದಕ್ಕೇ.

ಅವರ ಕೋಣೆ ವರಾಂಡದ ಕಟ್ಟಕಡೆಯದು, ಮೊದಲು ಆಟದ ಸಾಮಾನು ತುಂಬಿಡುತ್ತಿದ್ದ ಉಗ್ರಾಣ. ಎಷ್ಟು ಗುಡಿಸಿ ಒರೆಸಿದರೂ ಗಾಳಿ ಹೋದ ಚೆಂಡುಗಳ ರಬ್ಬರು ವಾಸನೆ ಗೋಡೆ ಬಿಟ್ಟು ಹೋಗಿರಲಿಲ್ಲ. ಆ ಗೋಡೆಯ ತುಂಬ ಬಣ್ಣದ ಚಿತ್ರಗಳು: ನಗುವ ನರ್ಸು, ನಗುವ ವೆಲ್ಡರು, ನಗುವ ಲೆಕ್ಕಿಗ. ಕೆಲಸದ ಹೊತ್ತಿನಲ್ಲಿ ಯಾರು ಅಷ್ಟೊಂದು ಹಲ್ಲು ಬಿಡುತ್ತಾರೋ ದೇವರಿಗೇ ಗೊತ್ತು. ಆ ನಗುವವರ ಗುಂಪಿನ ನಡುವೆ ಮೇಡಂ ದಿನವಿಡೀ ಒಬ್ಬರೇ ಕೂತಿರುತ್ತಿದ್ದರು.

ಬೇರೆ ಶಾಲೆಗಳಲ್ಲಿ ಮಕ್ಕಳ ಕೈಗೆ ಉದ್ದದ ಪ್ರಶ್ನಾವಳಿ ಕೊಟ್ಟು ಅವರ ಒಲವು ಅಳೆಯುತ್ತಾರೆ. ಮೇಡಂಗೆ ಕಾಗದದ ಮೇಲೆ ಕವಡೆಕಾಸಿನ ನಂಬಿಕೆಯಿರಲಿಲ್ಲ. ಮಕ್ಕಳು ಅದರಲ್ಲಿ ಅಪ್ಪ ಹೇಳಿಕೊಟ್ಟದ್ದನ್ನು ಬರೆಯುತ್ತಾರೆ ಎಂದು ಅವರ ದೂರು. ಅವರದು ಕುರ್ಚಿ ಪರೀಕ್ಷೆ. ಕೋಣೆಯಲ್ಲಿ ಮೂರು ಕುರ್ಚಿಗಳಿದ್ದವು: ಒಂದು ಮೇಜಿನ ಎದುರಿಗೆ, ಒಂದು ಕಿಟಕಿಯ ಪಕ್ಕಕ್ಕೆ, ಒಂದು ಬೀರುವಿನ ಮಗ್ಗುಲ ಮೂಲೆಯಲ್ಲಿ. ಒಳಗೆ ಬಂದ ಮಗುವಿಗೆ 'ಕೂತ್ಕೊ' ಎನ್ನುತ್ತಿದ್ದರು. ಎಲ್ಲಿ ಎಂದು ಮಾತ್ರ ಹೇಳುತ್ತಿರಲಿಲ್ಲ. ಎದುರಿಗೆ ಕೂತವರಿಗೆ ಜನರ ಜೊತೆ ಒಡನಾಡುವ ಕೆಲಸ, ಅಂದರೆ ವ್ಯಾಪಾರ, ಪಾಠ, ವಕೀಲಿ. ಕಿಟಕಿಯ ಪಕ್ಕದವರಿಗೆ ಹೊರಗೆ ಓಡಾಡುವ ಕೆಲಸ. ಮೂಲೆಯಲ್ಲಿ ಕೂತವರು ಒಂಟಿಯಾಗಿ, ತಲೆ ತಗ್ಗಿಸಿ, ಅಚ್ಚುಕಟ್ಟಾಗಿ ಮಾಡುವ ಕೆಲಸಕ್ಕೆ ಹುಟ್ಟಿದವರು. ಸಹೋದ್ಯೋಗಿಗಳು ಬೆನ್ನ ಹಿಂದೆ ನಗುತ್ತಿದ್ದರು. ನಗಲಿ ಬಿಡಿ. ಕಿಟಕಿಯ ಪಕ್ಕ ಕೂತ ಹುಡುಗನೊಬ್ಬ ಈಗ ಭೂಮಿ ಅಳೆಯುವ ಸರ್ವೇಯರು. ಯಾವ ಕುರ್ಚಿಯಲ್ಲೂ ಕೂರದೆ ನಿಂತೇ ಮಾತಾಡಿ ಹೋದವನೊಬ್ಬ ಬಸ್ ಕಂಡಕ್ಟರಾಗಿದ್ದ. ಇಷ್ಟು ಸಾಕ್ಷಿ ಸಿಕ್ಕಮೇಲೆ ಯಾರಿಗೆ ತಾನೇ ಸ್ವಲ್ಪ ಕೊಬ್ಬು ಬರುವುದಿಲ್ಲ?

ತಾನೂ ಮೂಲೆಯ ಕುರ್ಚಿಯವಳೇ ಎಂದು ಮೇಡಂ ತಮ್ಮ ಬಗ್ಗೆ ತೀರ್ಮಾನ ಮಾಡಿಕೊಂಡಿದ್ದರು. ಮದುವೆ ಆಗಲಿಲ್ಲ ಎನ್ನುವುದಕ್ಕಿಂತ ಮಾಡಿಕೊಳ್ಳಲಿಲ್ಲ ಎನ್ನುವುದು ಅವರಿಗೆ ಇಷ್ಟ. ಬೇರೆ ಊರಿನಲ್ಲಿದ್ದ ಅಕ್ಕ ಫೋನ್ ಮಾಡಿ 'ಒಬ್ಬಳೇ ಹೇಗಿರ್ತೀಯೇ?' ಎಂದು ರಾಗ ಎಳೆದರೆ, 'ಆರಾಮಾಗಿ' ಎಂದು ಮಾತು ಮುಗಿಸುತ್ತಿದ್ದರು. ಹಾಗೆ ಹೇಳಿ ಹೇಳಿ ಅದು ನಿಜವೇ ಆಗಿಬಿಟ್ಟಿತ್ತು, ಅಥವಾ ನಿಜವೋ ಅಲ್ಲವೋ ಎಂದು ನೋಡುವ ಗೊಡವೆಗೆ ಅವರು ಹೋಗಿರಲಿಲ್ಲ.

ಆ ವರ್ಷ ಕೊನೆಯ ತರಗತಿಯಲ್ಲಿ ಒಬ್ಬಳು ಹುಡುಗಿಯಿದ್ದಳು. ತರಗತಿಯವರು ಅವಳನ್ನು 'ಮ್ಯೂಟ್' ಎಂದು ಕರೆಯುತ್ತಿದ್ದರು. ಹಾಜರಿ ಕೂಗಿದಾಗಲೂ ಕೈ ಎತ್ತುತ್ತಿದ್ದಳೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಮೇಡಂ ಕರೆಸಿದಾಗ ಬಂದಳು, ಎತ್ತಲೂ ನೋಡದೆ ಸೀದಾ ಹೋಗಿ ಮೂಲೆಯ ಕುರ್ಚಿಯಲ್ಲಿ ಕೂತಳು. ಇಷ್ಟು ನಿಖರವಾಗಿ ಯಾರೂ ಹೋಗಿ ಕೂತದ್ದನ್ನು ಮೇಡಂ ನೋಡಿರಲಿಲ್ಲ.

"ಮುಂದೇನಮ್ಮ?"

"ನೀವೇ ಹೇಳಿ ಮೇಡಂ," ಎಂದಳು ಹುಡುಗಿ. ದನಿ ಪಿಸುಮಾತಿಗಿಂತ ಒಂದು ಕೂದಲೆಳೆಯಷ್ಟು ಮೇಲಿತ್ತು.

ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ಅವಳು ಕರೆಯದೆಯೇ ಬಂದಳು, ಕೈಯಲ್ಲಿ ಊಟದ ಡಬ್ಬಿ. ಗೋಡೆಯ ಚಿತ್ರಗಳನ್ನು ನೋಡಬೇಕಿತ್ತು ಎಂದಳು. ಅದರ ಮರುದಿನವೂ ಬಂದಳು. ಆಮೇಲೆ ಕಾರಣ ಹೇಳುವುದನ್ನೂ ಬಿಟ್ಟಳು. ಮೂಲೆಯಲ್ಲಿ ಕೂತು ಸದ್ದಿಲ್ಲದೆ ತಿನ್ನುವಳು. ಡಬ್ಬಿಯ ಮುಚ್ಚಳವನ್ನೂ ಮಲಗಿರುವ ಮಗುವನ್ನು ಎಬ್ಬಿಸಬಾರದೆನ್ನುವವರಂತೆ ತೆರೆಯುವಳು. ಮಾತೆಲ್ಲ ಮೇಡಂದೇ. ತಾವು ಇಷ್ಟು ಮಾತಾಡಬಲ್ಲೆವೆಂದು ಅವರಿಗೇ ಗೊತ್ತಿರಲಿಲ್ಲ. ಮನೆ ಮಾಲೀಕನ ಜಿಪುಣತನ, ಹೆಡ್‌ಮಾಸ್ತರರ ಗೊರಕೆ, ಚಿಕ್ಕಂದಿನಲ್ಲಿ ಅಕ್ಕನೊಂದಿಗೆ ಆಡಿದ ಜಗಳ, ಎಲ್ಲವೂ ಹೊರಬಂದವು. ಹುಡುಗಿ ಕಣ್ಣರಳಿಸಿ ಕೇಳುವಳು, ಒಮ್ಮೊಮ್ಮೆ ಬಾಯಿಗೆ ಕೈ ಅಡ್ಡ ಹಿಡಿದು ನಗುವಳು. ಬೆಳಿಗ್ಗೆಯಿಂದಲೇ ನೀವು ಆ ಗಂಟೆಗಾಗಿ ಕಾಯುತ್ತಿದ್ದೀರಿ ಎಂದು ಯಾರಾದರೂ ಹೇಳಿದ್ದರೆ ಮೇಡಂ ಸುತರಾಂ ಒಪ್ಪುತ್ತಿರಲಿಲ್ಲ. ಆದರೆ ಅವರ ಡಬ್ಬಿಯಲ್ಲಿ ಈಚೆಗೆ ಇಬ್ಬರಿಗಾಗುವಷ್ಟು ಇರುತ್ತಿತ್ತು.

ಶಾಲೆಯ ಹಿಂದಿನ ಗೋಡೆಗೆ ಹೊಂದಿಕೊಂಡೇ ಊರಿಗೆಲ್ಲ ನೀರು ಶುದ್ಧಮಾಡಿ ಕಳಿಸುವ ಸ್ಥಾವರವಿತ್ತು. ಅಲ್ಲಿನ ಪ್ರಯೋಗಾಲಯಕ್ಕೆ ಆ ಶಾಲೆಯಿಂದ ಪ್ರತಿವರ್ಷ ಒಂದು ಮಗುವನ್ನು ತರಬೇತಿಗೆ ತೆಗೆದುಕೊಳ್ಳುತ್ತಿದ್ದರು. ಎರಡು ವರ್ಷ ಕಲಿಕೆ, ಕೈಗೆ ಭತ್ಯೆ, ಮುಗಿದ ಮೇಲೆ ಕಾಯಂ ಕೆಲಸ. ಯಾರನ್ನು ಕಳಿಸಬೇಕೆಂಬುದು ಮೇಡಂ ಒಬ್ಬರ ಮಾತಿನ ಮೇಲೆ ನಿಂತಿತ್ತು. ಆ ವರ್ಷ ಅವರಿಗೆ ಯೋಚಿಸುವ ಪ್ರಮೇಯವೇ ಬರಲಿಲ್ಲ. ಕೊನೆಯ ತರಗತಿಯ ಮಕ್ಕಳೆಲ್ಲ ಒಂದೊಂದು ಕಡೆಗೆ ಹೋಗಿ ಕೆಲಸ ನೋಡುವ ವಾರ ಬಂದಾಗ, ಅವರು ಹುಡುಗಿಯನ್ನು ಅಲ್ಲಿಗೇ ಕಳಿಸಿದರು. ಕಳಿಸುವಾಗ ಇನ್ನೊಂದು ಯೋಚನೆಯೂ ಬಂದಿತ್ತು: ಇನ್ನೆರಡು ವರ್ಷ ಹುಡುಗಿ ಗೋಡೆಯ ಆಚೆಗೇ ಇರುತ್ತಾಳೆ, ಮಧ್ಯಾಹ್ನ ನಡೆದುಬಂದರೆ ಐದು ನಿಮಿಷ.

ಪ್ರಯೋಗಾಲಯದ ಕೆಮಿಸ್ಟು ನಿವೃತ್ತಿಗೆ ಹತ್ತಿರವಾಗಿದ್ದ ಮನುಷ್ಯ. ಮಾತಿಗೂ ಅವರಿಗೂ ಎಣ್ಣೆ-ಸೀಗೆಕಾಯಿ. 'ಹೂಂ', 'ಉಹೂಂ', 'ನೋಡೋಣ' ಈ ಮೂರರಲ್ಲೇ ಸಂಸಾರವನ್ನೂ ನೌಕರಿಯನ್ನೂ ತೂಗಿಸಿದವರು. ಅವರು ಎರಡನೆಯ ದಿನವೇ ಫೋನ್ ಮಾಡಿ ಮೇಡಂಗೆ ಒಂದಿಡೀ ವಾಕ್ಯ ಹೇಳಿದರು.

"ಮೇಡಂ, ಇಂಥ ಮಗು ನಾನು ನೋಡೇ ಇಲ್ಲ, ತುಟಿ ಪಿಟಕ್ ಅನ್ನಲ್ಲ, ಕೈ ಒಂಚೂರೂ ನಡುಗಲ್ಲ, ಇವಳನ್ನೇ ಕೊಡಿ."

ಹುಡುಗಿಯ ತಾಯಿಗೂ ಕೆಮಿಸ್ಟರೇ ಸುದ್ದಿ ಮುಟ್ಟಿಸಿದರು. ಮೇಡಂ ಹಿಗ್ಗಿ ಹೀರೇಕಾಯಿಯಾದರು. ಕೆಲಸ ನೋಡುವ ವಾರದಲ್ಲಿ ಒಮ್ಮೆ ಸ್ಥಳಕ್ಕೆ ಹೋಗಿ ಮಗು ಹೇಗಿದೆಯೆಂದು ನೋಡಿಬರುವುದು ಅವರ ಪದ್ಧತಿ. ಗುರುವಾರ ಮಧ್ಯಾಹ್ನ ಡಬ್ಬಿ ಹಿಡಿದು ಅಲ್ಲಿಗೆ ಹೊರಟರು.

ಕೆಮಿಸ್ಟು ಹೊಸ ಬಾಟಲಿಗಳನ್ನು ತರಲು ಪಂಪಿನ ಮನೆಗೆ ಹೋಗಿದ್ದರು. ಪ್ರಯೋಗಾಲಯದ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಮಾತು ಕೇಳಿಸಿತು. ಯಾರೋ ಬಾಯಿಬಡಕ ಹೆಂಗಸು ಬಂದು ಕೂತಿದ್ದಾಳೆ ಎಂದುಕೊಂಡು ಮೇಡಂ ಹೊರಗೇ ನಿಂತರು.

"ಬನ್ನಿ ಬನ್ನಿ, ಮಾರ್ಕೆಟ್ ರಸ್ತೆಯವರಾ? ಯಾಕಿಷ್ಟು ತಡ? ದಾರೀಲಿ ಪೈಪ್ ಒಡೆದಿತ್ತಾ? ಸರಿ, ಇಲ್ಲಿ ಕೂತ್ಕೊಳ್ಳಿ, ಕರೀತೀನಿ. ಏ ಸ್ಕೂಲ್ ಟ್ಯಾಂಕಿನವನೇ, ನೂಕಬೇಡ, ನಿನ್ನ ಸರದಿ ಇನ್ನೂ ಬಂದಿಲ್ಲ."

ಗಾಜಿಗೆ ಗಾಜು ತಾಕಿದ ಸದ್ದು. ಆಮೇಲೆ ದನಿ ಮೆತ್ತಗಾಯಿತು.

"ಅಜ್ಜೀ, ಆಸ್ಪತ್ರೆ ಕಡೆಯಿಂದ ನೀವೊಬ್ಬರೇ ಬಂದ್ರಾ? ಜೊತೆಗೆ ಯಾರೂ ಬರಲಿಲ್ವಾ? ಪರವಾಗಿಲ್ಲ ಬಿಡಿ, ನಾನಿದ್ದೀನಲ್ಲ. ಈಗ ಒಂದು ಪುಡಿ ಹಾಕ್ತೀನಿ, ಮೈ ಸ್ವಲ್ಪ ಗುಲಾಬಿ ಬಣ್ಣಕ್ಕೆ ತಿರುಗುತ್ತೆ. ಹೆದರಬೇಡಿ, ಹಾಗಾದ್ರೇನೇ ಒಳ್ಳೇದು. ನಿಮಗೆ ಮಕ್ಕಳೆಷ್ಟು?"

ಮೇಡಂ ಇಣುಕಿ ನೋಡಿದರು. ಒಳಗೆ ಯಾವ ಹೆಂಗಸೂ ಇರಲಿಲ್ಲ. ಊರಿನ ಬೇರೆಬೇರೆ ನಲ್ಲಿಗಳಿಂದ ಬಂದ ನೀರಿನ ಬಾಟಲಿಗಳು ಮೇಜಿನ ಮೇಲೆ ಸಾಲಾಗಿ ನಿಂತಿದ್ದವು, ಪ್ರತಿಯೊಂದಕ್ಕೂ ಬೀದಿಯ ಚೀಟಿ ಅಂಟಿತ್ತು. ಹುಡುಗಿ ಒಂದೊಂದನ್ನೇ ಎತ್ತಿಕೊಂಡು, ಕೈ ಹಿಡಿದು ಕರೆತಂದವಳಂತೆ ಮುಂದಿಟ್ಟುಕೊಂಡು ವಿಚಾರಿಸುತ್ತಿದ್ದಳು. ಮುಖ ಅರಳಿತ್ತು, ಕೈ ಬಾಯಿ ಎರಡೂ ಓಡುತ್ತಿದ್ದವು. ನೋಡಿದರೆ ನಗು ಬರಬೇಕಾದ ದೃಶ್ಯ.

ಮೇಡಂಗೆ ನಗು ಬರಲಿಲ್ಲ. ಈ ಬಗೆಯ ಮಾತು ಅವರಿಗೆ ಚೆನ್ನಾಗಿ ಗೊತ್ತಿತ್ತು. ಪ್ರತಿ ಸಂಜೆ ಅವರ ಅಡುಗೆಮನೆಯಲ್ಲಿ ನಡೆಯುವುದೂ ಇದೇ: ರೇಡಿಯೊದಲ್ಲಿ ವಾರ್ತೆ ಓದುವವನು ಒಂದು ಸುದ್ದಿ ಹೇಳಿದರೆ ಇವರು 'ಹೌದಾ, ಆಮೇಲೆ?' ಎನ್ನುವರು, ಅವನು ನಮಸ್ಕಾರ ಎಂದರೆ ಇವರೂ ನಮಸ್ಕಾರ ಎನ್ನುವರು. ಒಂಟಿತನವನ್ನು ಇಷ್ಟಪಡುವವರು ಬಾಟಲಿಗಳಿಗೆ 'ನಿಮಗೆ ಮಕ್ಕಳೆಷ್ಟು' ಎಂದು ಕೇಳುವುದಿಲ್ಲ.

ಬಾಗಿಲು ಕಿರುಗುಟ್ಟಿತು. ಹುಡುಗಿ ತಿರುಗಿ ನೋಡಿದವಳೇ ಕೆಂಪಾಗಿ ಬಾಯಿಗೆ ಬೀಗ ಹಾಕಿಕೊಂಡಳು.

"ಯಾರ ಜೊತೆ ಮಾತಾಡ್ತಿದ್ದೆ?"

"ಯಾರೂ ಇಲ್ಲ ಮೇಡಂ."

ಮೇಡಂ ಸ್ಟೂಲೆಳೆದು ಪಕ್ಕದಲ್ಲಿ ಕೂತರು. "ನಿಜ ಹೇಳು. ನಿನಗೆ ಈ ಕೆಲಸ ಇಷ್ಟ ಆಯ್ತಾ?"

"ನೀವು ಹೇಳಿದ್ರಲ್ಲ ಮೇಡಂ. ಒಬ್ಬಳೇ ಮಾಡೋ ಕೆಲಸ ನನಗೆ ಸರಿಹೋಗುತ್ತೆ ಅಂತ."

"ನಾನು ಹೇಳಿದ್ದು ನೀನು ಮೂಲೇಲಿ ಕೂತಿದ್ದಕ್ಕೆ. ಮೊದಲ ದಿನವೇ ಸೀದಾ ಹೋಗಿ ಕೂತೆಯಲ್ಲ."

ಹುಡುಗಿಗೆ ಈ ಪರೀಕ್ಷೆಯ ಸುದ್ದಿಯೇ ಗೊತ್ತಿರಲಿಲ್ಲ.

"ಎದುರಿಗೆ ಕೂತರೆ ಬೇರೆ ಯಾರಾದ್ರೂ ಬಂದಾಗ ಎದ್ದೇಳಬೇಕಾಗುತ್ತೆ ಮೇಡಂ. ಕಿಟಕಿ ಹತ್ರ ಇದ್ರೂ ಅಷ್ಟೇ. ಮೂಲೇಲಿದ್ರೆ ಯಾರೂ ಎಬ್ಬಿಸಲ್ಲ. ತುಂಬಾ ಹೊತ್ತು ಇರಬಹುದು."

ಎಷ್ಟು ಮಕ್ಕಳನ್ನು ಎಷ್ಟು ಕುರ್ಚಿಗಳಿಂದ ಎಲ್ಲೆಲ್ಲಿಗೆ ಕಳಿಸಿದೆನೋ ಎಂದು ಮೇಡಂಗೆ ದಿಗಿಲಾಯಿತು. ಆದರೆ ಅದಕ್ಕಿಂತ ಆಳಕ್ಕೆ ಚುಚ್ಚಿದ್ದು ಇನ್ನೊಂದು. ಈ ಹುಡುಗಿಯನ್ನು ಗೋಡೆಯ ಆಚೆಗೆ ಕೂರಿಸಲು ಹೊರಟಾಗ ತಾನು ನೋಡಿದ್ದು ಅವಳ ಒಲವನ್ನೋ, ತನ್ನ ಮಧ್ಯಾಹ್ನದ ಊಟವನ್ನೋ? ಕುರ್ಚಿಯ ಲೆಕ್ಕ ತಪ್ಪಿದ್ದು ಬರೀ ಪೆದ್ದುತನ. ಇದು ಹಾಗಲ್ಲ.

"ಮನೇಲೂ ಹೀಗೇನಾ, ಮಾತಿಲ್ಲ ಕತೆಯಿಲ್ಲ?"

"ಅಪ್ಪಂಗೆ ರಾತ್ರಿ ಪಾಳಿ ಮೇಡಂ. ಹಗಲು ಮಲಗಿರ್ತಾರೆ."

ಹುಡುಗಿಗೆ ಜನ ಬೇಕು, ಬಂದವರನ್ನು ವಿಚಾರಿಸುವ ಕೆಲಸ ಬೇಕು ಎಂಬುದು ಮೇಡಂಗೆ ಹಗಲಿನಷ್ಟು ಸ್ಪಷ್ಟವಾಯಿತು. ಜಿಲ್ಲಾ ಆಸ್ಪತ್ರೆಯಲ್ಲಿ ರೋಗಿಗಳ ಸಹಾಯಕರಿಗೆಂದು ಒಂದು ತರಬೇತಿಯಿತ್ತು: ದಾರಿ ತೋರಿಸುವುದು, ಜೊತೆಗಾರರಿಲ್ಲದವರ ಜೊತೆ ಇರುವುದು. ಭತ್ಯೆ ಇಲ್ಲ, ಮುಗಿದ ಮೇಲೆ ಕೆಲಸ ಸಿಕ್ಕೇ ಸಿಗುತ್ತದೆಂಬ ಖಾತ್ರಿಯೂ ಇಲ್ಲ. ನೀರಿನ ಸ್ಥಾವರಕ್ಕೆ ಸೋಮವಾರದೊಳಗೆ ಹೆಸರು ಹೇಳಬೇಕಿತ್ತು. ಹೇಳಿದರೆ ಹುಡುಗಿಯ ಬದುಕು ಭದ್ರ, ಆದರೆ ಜೀವಮಾನವಿಡೀ ಬಾಟಲಿಗಳೊಂದಿಗೆ. ಹೇಳದಿದ್ದರೆ ಕೈಗೆ ಬಂದದ್ದು ಜಾರಿಹೋಗುತ್ತದೆ. ಶುಕ್ರವಾರ ಸಂಜೆ ಅವರು ಹುಡುಗಿಯ ಮನೆಗೆ ಹೋದರು.

ಅಂಥ ಮನೆಯನ್ನು ಅವರು ನೋಡಿರಲಿಲ್ಲ. ಬಾಗಿಲ ಚಿಲಕಕ್ಕೆ ಬಟ್ಟೆ ಸುತ್ತಿತ್ತು. ಕರೆಗಂಟೆಯ ತಂತಿ ಕಿತ್ತು ಬಿಟ್ಟಿದ್ದರು. ಅಡುಗೆಮನೆಯ ತಟ್ಟೆಗಳ ನಡುವೆ ಒಂದೊಂದು ಹಳೆಯ ಬಟ್ಟೆ, ಕುರ್ಚಿಯ ಕಾಲುಗಳಿಗೆ ಕಾಲುಚೀಲ. ತಂದೆಗೆ ದಿನಪತ್ರಿಕೆ ಮುದ್ರಿಸುವ ಕಾರ್ಖಾನೆಯಲ್ಲಿ ರಾತ್ರಿಯ ಕೆಲಸ. ಬೆಳಿಗ್ಗೆ ಬಂದು ಮಲಗಿದರೆ ಏಳುವುದು ಕತ್ತಲಾಗುವ ಹೊತ್ತಿಗೆ, ಎದ್ದವರು ಉಂಡು ಹೊರಡುವರು. ತಾಯಿ ಹೊಲಿಗೆ ಅಂಗಡಿಯಿಂದ ಆಗಷ್ಟೇ ಬಂದಿದ್ದರು. ಅವರು ಹುಬ್ಬಿನಲ್ಲೇ ಮೇಡಂಗೆ ಸ್ವಾಗತ ಹೇಳಿ, ಬೆರಳಿನಲ್ಲೇ ಮಗಳಿಗೆ ಚಹಾ ಮಾಡಲು ಸೂಚಿಸಿದರು.

ಮೇಡಂ ಬಂದ ವಿಷಯವನ್ನು ಪಿಸುಮಾತಿನಲ್ಲಿ ಹೇಳಿದರು. ತಾಯಿ ಪಿಸುಮಾತಿನಲ್ಲೇ ಸಿಟ್ಟಿಗೆದ್ದರು. ಪಿಸುಮಾತಿನಲ್ಲಿ ಜಗಳವಾಡುವುದು ಎಷ್ಟು ಕಷ್ಟವೆಂದು ಆಡಿದವರಿಗೇ ಗೊತ್ತು; ಸಿಟ್ಟೆಲ್ಲ ಕಣ್ಣಿಗೆ, ಮೂಗಿಗೆ ಹೋಗಿ ಸೇರಿಕೊಳ್ಳುತ್ತದೆ.

"ಕಾಯಂ ಕೆಲಸ ಮೇಡಂ. ನೀವೇ ಕಳಿಸಿದ್ರಿ, ಈಗ ನೀವೇ ಅಡ್ಡಗಾಲು ಹಾಕ್ತೀರಲ್ಲ."

"ನಾನು ತಪ್ಪು ತಿಳ್ಕೊಂಡಿದ್ದೆ. ಅವಳಿಗೆ ಒಂಟಿಯಾಗಿರೋದು ಇಷ್ಟ ಅಂತ."

"ಇಷ್ಟಾನೇ. ಹುಟ್ಟಿದಾಗಿಂದ ನೋಡ್ತಿದ್ದೀನಿ ನಾನು, ಮಾತೇ ಆಡಲ್ಲ ಅವಳು. ಆಸ್ಪತ್ರೇಲಿ ನೂರು ಜನ ಬಾಯಿ ಬಾಯಿ ಬಡ್ಕೊಂಡು ಬಂದ್ರೆ ಏನು ಮಾಡ್ತಾಳೆ?"

"ಅವಳನ್ನೇ ಒಂದು ಮಾತು ಕೇಳಿ."

"ಕೇಳೋದೇನಿದೆ, ಮಗು ಅದು, ಅದಕ್ಕೇನು ಗೊತ್ತಾಗುತ್ತೆ."

"ನನಗೆ ಅಲ್ಲಿ ಬೇಡ."

ಈ ಮಾತು ಪಿಸುಮಾತಿನಲ್ಲಿ ಬರಲಿಲ್ಲ. ಹುಡುಗಿ ಚಹಾದ ಲೋಟಗಳನ್ನು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ತಾಯಿ ದಿಗಿಲುಬಿದ್ದು ತುಟಿಯ ಮೇಲೆ ಬೆರಳಿಟ್ಟರು. ಹುಡುಗಿ ನೋಡಿದಳು, ಆದರೂ ನಿಲ್ಲಿಸಲಿಲ್ಲ. "ನನಗೆ ಆ ಕೋಣೆ ಬೇಡಮ್ಮ. ಅಲ್ಲೂ ಯಾರೂ ಇಲ್ಲ. ಇಲ್ಲೂ ಯಾರೂ ಇಲ್ಲ. ಕ್ಲಾಸಲ್ಲಿ ನಾನಿದ್ದೀನಿ ಅಂತಾನೇ ಯಾರಿಗೂ ಗೊತ್ತಾಗಲ್ಲ. ನನಗೆ ಜನ ಇರೋ ಕಡೆ ಕೆಲಸ ಬೇಕು." ದನಿ ದೊಡ್ಡದಿತ್ತು, ತುಂಬಿತ್ತು, ಆ ಪುಟ್ಟ ಮನೆಯ ಗೋಡೆಗಳಿಗೆ ಬಡಿದು ತಿರುಗಿಬಂತು.

ಒಳಕೋಣೆಯಲ್ಲಿ ಮಂಚ ಕಿರುಗುಟ್ಟಿತು. ತಂದೆ ಹೊದಿಕೆಯನ್ನು ಭುಜಕ್ಕೆಳೆದುಕೊಂಡು ಬಾಗಿಲಿಗೆ ಬಂದರು. ಕಣ್ಣು ಕೆಂಪಗೆ, ಕೂದಲು ಕೆದರಿತ್ತು. ಮೇಡಂ ಎದ್ದು ನಿಂತು ಕ್ಷಮೆ ಕೇಳಲು ಬಾಯಿ ತೆರೆದರು.

ತಂದೆ ಅವರನ್ನು ಪಿಳಿಪಿಳಿ ನೋಡಿದರು. "ಈಗ ಮಾತಾಡಿದ್ದು ನೀವಾ?"

"ಅಲ್ಲ."

"ಮತ್ತೆ ಯಾರು? ಯಾರೋ ಹೆಣ್ಣುಮಗಳ ದನಿ ಕೇಳಿಸ್ತು."

"ನಮ್ಮವಳೇ ಕಣ್ರೀ," ಎಂದರು ತಾಯಿ, ಅಭ್ಯಾಸಬಲದಿಂದ ಪಿಸುಗುಟ್ಟುತ್ತ.

ತಂದೆ ಮಗಳ ಕಡೆಗೆ ತಿರುಗಿದರು. ಹಾಗೇ ನೋಡುತ್ತ ನಿಂತರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಮೊದಲು ಬೆರಗು, ಆಮೇಲೆ ನೋಡಲಾಗದಂಥ ನಾಚಿಕೆ. ಹೆತ್ತ ಮಗಳ ಪೂರಾ ದನಿಯನ್ನು ಅವರು ಕೇಳಿರಲೇ ಇಲ್ಲ. ಕೇಳಿದಾಗ ಬೇರೆ ಯಾರದೋ ಎಂದುಕೊಂಡಿದ್ದರು. ಅವರು ನೆಲದ ಮೇಲೆ ಕುಸಿದು ಕೂತರು.

"ಇವಳದಾ," ಎಂದರು ತಮ್ಮಷ್ಟಕ್ಕೆ. ಆಮೇಲೆ, "ಇಲ್ಲಿ ಬಾ ಮಗಳೇ. ಇನ್ನೊಂದ್ಸಲ ಹೇಳು. ಅಷ್ಟೇ ಜೋರಾಗಿ ಹೇಳು."

ಹುಡುಗಿ ಲೋಟಗಳನ್ನು ಕೆಳಗಿಟ್ಟು ಹೇಳಿದಳು. ಹೇಳಿದ್ದನ್ನೇ ಹೇಳಿ, ಹೇಳದ್ದನ್ನೂ ಹೇಳಿದಳು. ತರಗತಿಯವರು ಇಟ್ಟ ಹೆಸರು, ಬಾಟಲಿಗಳ ಸಂಸಾರ, ಕೆಮಿಸ್ಟರ ಮೂರು ಮಾತುಗಳು. ಕೆಮಿಸ್ಟರನ್ನು ಅನುಕರಿಸಿ 'ಹೂಂ, ಉಹೂಂ' ಎಂದಾಗ ತಂದೆ ನಕ್ಕರು, ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ತಾಯಿ ಬಾಗಿಲಿಗೊರಗಿ ಸೆರಗಿನಿಂದ ಮೂಗು ಒರೆಸಿಕೊಂಡರು. ಆಸ್ಪತ್ರೆಯ ತರಬೇತಿಯ ವಿಷಯವನ್ನು ಮೇಡಂ ಹೇಳಿದರು. ಕೊನೆಗೆ ತಂದೆ ಅವರ ಕಡೆಗೆ ನೋಡಿ ಹೇಳಿದರು:

"ಆಸ್ಪತ್ರೆಗೇ ಹಾಕಿ ಮೇಡಂ. ಮುಂದಿನದು ಹೇಗೋ ಆಗುತ್ತೆ." ಮಗಳ ತಲೆಯ ಮೇಲೆ ಕೈಯಿಟ್ಟರು. "ಮಧ್ಯಾಹ್ನ ಎಲ್ಲಿ ಊಟ ಮಾಡ್ತೀಯ ನೀನು?"

"ಮೇಡಂ ರೂಮಲ್ಲಿ."

"ಇನ್ಮೇಲೆ ಮನೆಗೆ ಬಾ. ನಾನು ಎದ್ದಿರ್ತೀನಿ. ಊಟ ಮಾಡಿ ಮತ್ತೆ ಮಲಗಿದ್ರೆ ಆಯ್ತು. ಏನ್ ಮೇಡಂ, ಬಿಡುವಿನಲ್ಲಿ ಮನೆಗೆ ಬಂದು ಹೋಗಬಹುದಲ್ಲ?"

ಹುಡುಗಿ ಮೇಡಂ ಮುಖ ನೋಡಿದಳು. ಅವಳು ಏನನ್ನು ಕೇಳುತ್ತಿದ್ದಾಳೆಂದು ಮೇಡಂಗೆ ಅರ್ಥವಾಯಿತು. ಬೇಡ ಎನ್ನಲು ಅವರ ಬಳಿ ಸಾಕಷ್ಟು ನೆಪಗಳಿದ್ದವು: ಶಾಲೆಯ ನಿಯಮ, ಬಿಸಿಲು, ರಸ್ತೆ ದಾಟುವುದು. ಒಂದೊಂದೂ ನಾಲಿಗೆಯ ತುದಿಗೆ ಬಂದು ನಿಂತಿತು.

"ಧಾರಾಳವಾಗಿ," ಎಂದರು ಮೇಡಂ. "ಹತ್ತಿರದಲ್ಲೇ ಇದೆಯಲ್ಲ ಮನೆ."

ಹುಡುಗಿಯ ಮುಖ ಅರಳಿತು. ಅವಳು ತಂದೆಯ ಪಕ್ಕ ಕೂತು ಬಿಟ್ಟಲ್ಲಿಂದ ಮಾತು ಮುಂದುವರಿಸಿದಳು. ಮೇಡಂ ಚೀಲ ಎತ್ತಿಕೊಂಡು 'ಬರ್ತೀನಿ' ಎಂದರು. ಮೂವರಲ್ಲಿ ಯಾರಿಗೂ ಅದು ಕೇಳಿಸಿದಂತಿರಲಿಲ್ಲ. ಚಪ್ಪಲಿ ಮೆಟ್ಟಿ ಬೀದಿಗಿಳಿದರು. ತಿರುವಿನವರೆಗೂ ಅವಳ ದನಿ ಹಿಂದಿನಿಂದ ಕೇಳಿಸುತ್ತಲೇ ಇತ್ತು.

ಮೇಡಂ ಕಾಲು ಬೀಸಿ ನಡೆದರು. ಸಂತೋಷಕ್ಕೆ ಎದೆ ಹಾರುತ್ತಿತ್ತು, ಅದು ಸುಳ್ಳಲ್ಲ. ಇಷ್ಟು ವರ್ಷದ ನೌಕರಿಯಲ್ಲಿ ಇಂಥ ಸಂಜೆ ಬಂದಿರಲಿಲ್ಲ. ಆ ತಂದೆ 'ಯಾರೋ ಹೆಣ್ಣುಮಗಳ ದನಿ' ಅಂದದ್ದು, ಆ ತಾಯಿ ಆಗಲೂ ಪಿಸುಗುಟ್ಟಿದ್ದು, ಎಲ್ಲವನ್ನೂ ಮೊದಲಿಂದ ಕೊನೆಯವರೆಗೆ, ದನಿ ಬದಲಿಸಿ, ಕೈ ತಿರುಗಿಸಿ ಯಾರಿಗಾದರೂ ಹೇಳಬೇಕೆಂದು ಜೀವ ತಹತಹಿಸಿತು. ತಮ್ಮ ಮನೆಯ ಬೀಗ ತೆಗೆದು, ದೀಪ ಹಾಕಿ, ಚೀಲವನ್ನೂ ಇಳಿಸದೆ ಹಜಾರದ ನಡುವೆ ನಿಂತು ಯಾರಿಗೆ ಎಂದು ಯೋಚಿಸಿದರು. ಅಕ್ಕನಿಗೆ ಹೇಳಿದರೆ ಅವಳು 'ಯಾವ ಹುಡುಗಿಯೇ?' ಎನ್ನುತ್ತಾಳೆ. ಹೆಡ್‌ಮಾಸ್ತರರು ಕಾಯಂ ಕೆಲಸ ಕೈಬಿಟ್ಟದ್ದಕ್ಕೆ ಮುಖ ಗಂಟಿಕ್ಕುತ್ತಾರೆ. ಬಾಯಿಗೆ ಕೈ ಅಡ್ಡ ಹಿಡಿದು, ಕಣ್ಣರಳಿಸಿ, ಒಂದು ಮಾತೂ ಬಿಡದೆ ಕೇಳುವವಳು ಇದ್ದದ್ದು ಒಬ್ಬಳೇ, ಮತ್ತು ಅವಳು ಈಗ ತನ್ನ ಮನೆಯಲ್ಲಿ ಕೂತು ಮಾತಾಡುತ್ತಿದ್ದಳು.